‘ಅಂಕಲ್’ ಶಬ್ದದ ಮೂಲವೂ ನಮ್ಮ ಸೋದರಮಾವನೂ

ಇಂಗ್ಲಿಷಿನಿಂದ ಕನ್ನಡಕ್ಕೆ ಬಂದು ನೆಲೆನಿಂತ ಶಬ್ದಗಳು ಸಾವಿರಾರು. ರೈಲು, ಬಸ್ಸು, ಪೆನ್ನು, ಆಸ್ಪತ್ರೆ ಮೊದಲಾದವು ವಸ್ತುಗಳ ಜೊತೆಗೇ ಬಂದವು. ಆ ವಸ್ತುಗಳು ನಮ್ಮಲ್ಲಿ ಮೊದಲು ಇರಲಿಲ್ಲವಾದ್ದರಿಂದ ಅವುಗಳ ಹೆಸರುಗಳನ್ನೂ ನಾವು ಬರಮಾಡಿಕೊಂಡೆವು. ಇದರಲ್ಲಿ ನಾಚಿಕೆಪಡಬೇಕಾದುದೇನೂ ಇಲ್ಲ. ಆದರೆ ‘ಅಂಕಲ್’ ಎಂಬ ಶಬ್ದದ ಸಂಗತಿ ಬೇರೆ. ಅದು ಸೂಚಿಸುವ ವ್ಯಕ್ತಿ ನಮ್ಮ ಮನೆಗಳಲ್ಲಿ ಅನಾದಿಯಿಂದ ಇದ್ದವನೇ. ಅವನಿಗೆ ಒಂದಲ್ಲ, ಮೂರು ಹೆಸರುಗಳನ್ನಿಟ್ಟು ಕರೆಯುತ್ತಿದ್ದ ಜನ ನಾವು. ಇಂದು ಬೆಂಗಳೂರು, ದಾವಣಗೆರೆಗಳಲ್ಲಿ ಮಾತ್ರವಲ್ಲ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಯ ಹಳ್ಳಿಗಳಲ್ಲಿಯೂ ಮಕ್ಕಳು ತಂದೆಯ ತಮ್ಮನನ್ನೂ, ತಾಯಿಯ ಅಣ್ಣನನ್ನೂ, ಅಂಗಡಿಯ ಯಜಮಾನನನ್ನೂ, ಬಸ್ಸಿನ ನಿರ್ವಾಹಕನನ್ನೂ ಈ ಒಂದೇ ಶಬ್ದದಿಂದ ಕರೆಯುವುದನ್ನು ಕೇಳುತ್ತಿದ್ದೇವೆ. ಹೀಗೆ ಎಲ್ಲರಿಗೂ ಸಲ್ಲುವ ಈ ಶಬ್ದವು ತನ್ನ ಹುಟ್ಟಿನಲ್ಲಿ ಯಾರಿಗೆ ಸಲ್ಲುತ್ತಿತ್ತು, ಅದರ ನಿಜಾರ್ಥವೇನು ಎಂಬುದನ್ನು ವಿದ್ಯಾರ್ಥಿಗಳ ಅವಗಾಹನೆಗೆ ತರುವುದು ಪ್ರಕೃತ ಲೇಖನದ ಉದ್ದೇಶ.

ಇಂಗ್ಲಿಷಿನ ‘ಅಂಕಲ್’ ಮೂಲತಃ ಇಂಗ್ಲಿಷ್ ಶಬ್ದವಲ್ಲ. ಕ್ರಿ.ಶ. 1066ರಲ್ಲಿ ಫ್ರಾನ್ಸಿನ ನಾರ್ಮಂಡಿಯ ದೊರೆ ವಿಲಿಯಂ ಇಂಗ್ಲೆಂಡನ್ನು ಗೆದ್ದ ಬಳಿಕ ಆ ದೇಶದ ಅರಮನೆ, ನ್ಯಾಯಸ್ಥಾನ ಹಾಗೂ ಶ್ರೀಮಂತರ ಮನೆಗಳಲ್ಲಿ ಫ್ರೆಂಚ್ ಭಾಷೆ ನೆಲೆಯೂರಿತು. ಆ ಭಾಷೆಯ ‘ಓಂಕ್ಲ್’ ಎಂಬುದೇ ಹದಿಮೂರನೆಯ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲಿಷಿನ ಬರಹದಲ್ಲಿ ‘ಅಂಕಲ್’ ಆಗಿ ಕಾಣಿಸಿಕೊಂಡಿತು. ಫ್ರೆಂಚಿಗೆ ಅದು ಬಂದುದು ರೋಮನರ ಲ್ಯಾಟಿನ್ ಭಾಷೆಯಿಂದ. ಅಲ್ಲಿ ಅದರ ರೂಪ ‘ಅವುಂಕುಲುಸ್’. ಲ್ಯಾಟಿನ್ನಿನಲ್ಲಿ ‘ಅವುಸ್’ ಎಂದರೆ ಅಜ್ಜ. ಅದಕ್ಕೆ ಕಿರಿದು ಎಂಬ ಅರ್ಥವನ್ನು ಕೊಡುವ ಪ್ರತ್ಯಯ ಸೇರಿ ‘ಅವುಂಕುಲುಸ್’ ಆಗಿದೆ. ಅಂದರೆ ‘ಚಿಕ್ಕಜ್ಜ’. ನಾವು ತಂದೆಯ ತಮ್ಮನನ್ನು ‘ಚಿಕ್ಕಪ್ಪ’ ಎಂದು ಹೇಗೆ ಕರೆದೆವೋ ಹಾಗೆಯೇ ರೋಮನರು ಒಬ್ಬ ಬಂಧುವನ್ನು ‘ಚಿಕ್ಕಜ್ಜ’ ಎಂದು ಕರೆದರು.

ಆ ಬಂಧು ಯಾರು? ಇಲ್ಲಿಯೇ ಈ ಶಬ್ದದ ಸ್ವಾರಸ್ಯ ಅಡಗಿದೆ. ಅವುಂಕುಲುಸ್ ಎಂದರೆ ತಾಯಿಯ ಸಹೋದರ, ಅವನು ಮಾತ್ರ. ತಂದೆಯ ಸಹೋದರನನ್ನು ಯಾವ ರೋಮನನೂ ಆ ಹೆಸರಿನಿಂದ ಕರೆಯುತ್ತಿರಲಿಲ್ಲ. ಅವನಿಗೆ ‘ಪಾತ್ರುವುಸ್’ ಎಂಬ ಬೇರೆಯೇ ಹೆಸರಿತ್ತು. ನಮ್ಮ ಸಂಸ್ಕೃತದ ‘ಪಿತೃವ್ಯ’ ಶಬ್ದಕ್ಕೂ ಇದಕ್ಕೂ ಮೂಲವೊಂದೇ. ತಂದೆಯ ಸಹೋದರಿ ‘ಅಮಿತಾ’. ತಾಯಿಯ ಸಹೋದರಿ ‘ಮಾತೆರ್ತೆರಾ’. ಹೀಗೆ ನಾಲ್ವರಿಗೆ ನಾಲ್ಕು ಹೆಸರು. ಪಾತ್ರುವುಸ್ ಎಂದರೆ ಗದರಿಸುವವನು, ಕಟ್ಟುನಿಟ್ಟಿನವನು ಎಂಬ ಭಾವನೆ ಲ್ಯಾಟಿನ್ ಸಾಹಿತ್ಯದಲ್ಲಿ ರೂಢಮೂಲವಾಗಿದೆ. ತಾಯಿಯ ಸಹೋದರನ ಚಿತ್ರ ಹಾಗಲ್ಲ. ಅವನು ಸಲುಗೆಯ ಬಂಧು. ರೋಮಿನ ಇತಿಹಾಸಕಾರ ಟಾಸಿಟಸ್ ಕ್ರಿ.ಶ. 98ರ ಸುಮಾರಿನಲ್ಲಿ ಜರ್ಮನ್ ಜನಾಂಗಗಳನ್ನು ಕುರಿತು ಬರೆಯುತ್ತ, ಅವರಲ್ಲಿ ಸಹೋದರಿಯ ಮಕ್ಕಳ ಮೇಲೆ ಮಾವನಿಗೆ ತಂದೆಗಿರುವಷ್ಟೇ ಮಮತೆ ಉಂಟೆಂದು ಗುರುತಿಸಿದ್ದಾನೆ.

ತಾಯಿಯ ಸಹೋದರನಿಗೆ ‘ಚಿಕ್ಕಜ್ಜ’ ಎಂಬ ಹೆಸರೇಕೆ ಎಂಬುದನ್ನು ಪಂಡಿತರು ಬಗೆಬಗೆಯಾಗಿ ವಿವರಿಸಿದ್ದಾರೆ. ನಮ್ಮ ಹಳ್ಳಿಯ ಹೆಣ್ಣುಮಗಳಿಗೆ ಮಾತ್ರ ಇದು ವಿವರಣೆಯಿಲ್ಲದೆ ತಿಳಿಯುವಂಥದು. ತಂದೆ ಕಣ್ಣುಮುಚ್ಚಿದ ಮೇಲೂ ಅವಳ ತವರು ಉಳಿಯುವುದು ಅಣ್ಣತಮ್ಮಂದಿರಿಂದ. ಅಜ್ಜ ತೆರೆದ ಬಾಗಿಲನ್ನು ಅಜ್ಜನ ತರುವಾಯ ತೆರೆದಿಡುವವನು ಸೋದರಮಾವ. ಆದ್ದರಿಂದ ಮೊಮ್ಮಗನಿಗೂ ಸೋದರಳಿಯನಿಗೂ ಲ್ಯಾಟಿನ್ನಿನಲ್ಲಿ ‘ನೆಪೋಸ್’ ಎಂಬ ಒಂದೇ ಶಬ್ದ ಬಳಕೆಗೆ ಬಂದುದು ಆಶ್ಚರ್ಯವಲ್ಲ. ಇಂಗ್ಲಿಷಿನ ‘ನೆಫ್ಯೂ’ ಅದರ ಸಂತಾನ. ಸಂಸ್ಕೃತದ ‘ನಪ್ತೃ’ ಅದರ ಸೋದರ.

ಇಂಗ್ಲಿಷರಿಗೂ ಹಿಂದೆ ಈ ವಿವೇಕ ಇಲ್ಲದಿರಲಿಲ್ಲ. ನಾರ್ಮನ್ನರು ಬರುವ ಮುನ್ನ ಅವರ ಹಳೆಯ ಭಾಷೆಯಲ್ಲಿ ತಾಯಿಯ ಸಹೋದರ ‘ಈಯಾಮ್’, ತಂದೆಯ ಸಹೋದರ ‘ಫೆದೆರಾ’. ಅತ್ತೆಗೆ ಒಂದು, ತಾಯಿಯ ಅಕ್ಕತಂಗಿಯರಿಗೆ ಒಂದು, ಹೀಗೆ ಅವರಲ್ಲಿಯೂ ನಾಲ್ಕು ಹೆಸರುಗಳಿದ್ದವು. ‘ಈಯಾಮ್’ ಶಬ್ದವು ‘ಈಮ್’ ಎಂದಾಗಿ ಮುಂದೆಯೂ ಕೆಲವು ಶತಮಾನ ಉಳಿದು, ಕಡೆಗೆ ಪ್ರಾಂತಭಾಷೆಗಳ ಮೂಲೆ ಸೇರಿತು. ಜರ್ಮನರಲ್ಲಿಯೂ ಹೀಗೆಯೇ ಆಯಿತು. ಅವರ ‘ಓಹೈಮ್’ ತಾಯಿಯ ಸಹೋದರನನ್ನು ಹೇಳುತ್ತಿತ್ತು. ಫ್ರೆಂಚಿನಿಂದ ಬಂದ ‘ಓಂಕೆಲ್’ ಅದನ್ನು ಹಿಂದಕ್ಕೆ ಸರಿಸಿತು. ಅವರ ‘ಫೆಟರ್’ ಶಬ್ದ ಮೊದಲು ತಂದೆಯ ಸಹೋದರನನ್ನು ಸೂಚಿಸುತ್ತಿದ್ದುದು ಈಗ ಆತನ ಮಗನ ತಲೆಮಾರಿಗೆ ಇಳಿದಿದೆ. ಇನ್ನೊಂದು ವಿನೋದವುಂಟು: ಹೊರಬಿದ್ದ ‘ಈಯಾಮ್’ ಮತ್ತು ಒಳಬಂದ ‘ಅಂಕಲ್’ ಎರಡೂ ಅಜ್ಜನನ್ನು ಹೇಳುವ ಒಂದೇ ಪ್ರಾಚೀನ ಧಾತುವಿನಿಂದ ಹುಟ್ಟಿದವು. ದಾಯಾದಿಯೇ ದಾಯಾದಿಯನ್ನು ಮನೆಯಿಂದ ಹೊರಗೆ ಹಾಕಿದಂತಾಯಿತು.

ಈಗ ಇಂಗ್ಲಿಷಿನ ‘ಆಂಟ್’ ಶಬ್ದವನ್ನು ನೋಡೋಣ. ಅದು ಫ್ರೆಂಚಿನ ಮೂಲಕ ಬಂದುದು ಲ್ಯಾಟಿನ್ನಿನ ‘ಅಮಿತಾ’ದಿಂದ, ಅಂದರೆ ತಂದೆಯ ಸಹೋದರಿಯಿಂದ. ಅಂತೂ ರೋಮನರ ನಾಲ್ಕು ಶಬ್ದಗಳಲ್ಲಿ ಇಂಗ್ಲಿಷಿಗೆ ತಲುಪಿದವು ಎರಡು: ತಾಯಿಯ ಸಹೋದರನ ಹೆಸರು ಮತ್ತು ತಂದೆಯ ಸಹೋದರಿಯ ಹೆಸರು. ಕನ್ನಡದ ಓದುಗನು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಈ ಇಬ್ಬರೂ ನಮ್ಮ ಸೋದರಮಾವ ಮತ್ತು ಸೋದರತ್ತೆ! ನಾವು ಅಪ್ಪ ಎಂಬುದರೊಡನೆ ಸೇರಿಸಿ ದೊಡ್ಡಪ್ಪ, ಚಿಕ್ಕಪ್ಪ ಎಂದು ಕರೆಯುವವನ ಹೆಸರೂ, ಅಮ್ಮ ಎಂಬುದರೊಡನೆ ಸೇರಿಸಿ ದೊಡ್ಡಮ್ಮ, ಚಿಕ್ಕಮ್ಮ ಎಂದು ಕರೆಯುವವಳ ಹೆಸರೂ ದಾರಿಯಲ್ಲಿಯೇ ಬಿದ್ದುಹೋದವು. ‘ಅಂಕಲ್-ಆಂಟಿ’ ಎಂದು ಇಂದಿನ ಮಕ್ಕಳು ಕೂಗುವಾಗ, ಶಬ್ದಮೂಲವನ್ನು ಹಿಡಿದು ಹೇಳುವುದಾದರೆ, ಅವರು ‘ಮಾವ-ಅತ್ತೆ’ ಎಂದೇ ಕೂಗುತ್ತಿದ್ದಾರೆ. ಇದನ್ನು ಲ್ಯಾಟಿನ್ ಬಲ್ಲ ಯಾವ ವಿದ್ವಾಂಸನೂ ಅಲ್ಲಗಳೆಯಲಾರ.

ಆದರೆ ಶಬ್ದದ ಮೂಲ ಬೇರೆ, ಅದರ ಇಂದಿನ ಅರ್ಥ ಬೇರೆ. ಇಂದಿನ ಇಂಗ್ಲಿಷಿನಲ್ಲಿ ತಂದೆಯ ಅಣ್ಣ, ತಂದೆಯ ತಮ್ಮ, ತಾಯಿಯ ಅಣ್ಣತಮ್ಮಂದಿರು, ತಾಯಿಯ ಅಕ್ಕತಂಗಿಯರ ಗಂಡಂದಿರು, ತಂದೆಯ ಅಕ್ಕತಂಗಿಯರ ಗಂಡಂದಿರು ಎಲ್ಲರೂ ಒಂದೇ ಶಬ್ದದಲ್ಲಿ ಅಡಗಿದ್ದಾರೆ. ಕನ್ನಡವು ಇವರನ್ನು ಸ್ಪಷ್ಟವಾಗಿ ಎರಡು ಪಾಲು ಮಾಡುತ್ತದೆ. ತಂದೆಯ ಸಹೋದರರೂ ತಾಯಿಯ ಸಹೋದರಿಯರ ಗಂಡಂದಿರೂ ‘ಅಪ್ಪ’ನ ಪಾಲು, ಇವರಲ್ಲಿ ಹಿರಿಯನು ದೊಡ್ಡಪ್ಪ, ಕಿರಿಯನು ಚಿಕ್ಕಪ್ಪ. ತಾಯಿಯ ಸಹೋದರರೂ ಸೋದರತ್ತೆಯ ಗಂಡನೂ ‘ಮಾವ’ನ ಪಾಲು. ಮೊದಲ ಪಾಲಿನವರ ಮಕ್ಕಳು ನಮಗೆ ಅಣ್ಣ, ತಮ್ಮ, ಅಕ್ಕ, ತಂಗಿ. ಎರಡನೆಯ ಪಾಲಿನವರ ಮಕ್ಕಳು ಭಾವ, ಮೈದುನ, ಅತ್ತಿಗೆ, ನಾದಿನಿ. ಮೊದಲ ಪಾಲಿನಲ್ಲಿ ಮದುವೆಯ ಮಾತೇ ಪಾಪ. ಎರಡನೆಯ ಪಾಲಿನಲ್ಲಿ ಅದು ಹಿಂದಿನಿಂದ ನಡೆದುಬಂದ ಪದ್ಧತಿ. ಹೆಣ್ಣು ಕೊಟ್ಟವನನ್ನೂ ತಾಯಿಯ ಸಹೋದರನನ್ನೂ ‘ಮಾವ’ ಎಂಬ ಒಂದೇ ಹೆಸರಿನಿಂದಲೂ, ಮಗಳ ಗಂಡನನ್ನೂ ಸಹೋದರಿಯ ಮಗನನ್ನೂ ‘ಅಳಿಯ’ ಎಂಬ ಒಂದೇ ಹೆಸರಿನಿಂದಲೂ ಕರೆಯುವುದಕ್ಕೆ ಇದೇ ಕಾರಣ. ತಮಿಳು, ತೆಲುಗುಗಳಲ್ಲಿಯೂ ವ್ಯವಸ್ಥೆ ಬಹುಮಟ್ಟಿಗೆ ಹೀಗೆಯೇ ಇದೆ. ಕರಾವಳಿಯ ಅಳಿಯಸಂತಾನದ ಕುಟುಂಬಗಳಲ್ಲಂತೂ ಆಸ್ತಿಯು ಹೆಣ್ಣಿನ ಸಂತತಿಯಲ್ಲಿ ಇಳಿಯುತ್ತಿದ್ದುದರಿಂದ ಸೋದರಮಾವನೇ ಮನೆಯ ಯಜಮಾನನಾಗಿರುತ್ತಿದ್ದನು.

ಈ ಕ್ರಮವನ್ನು ಮೊದಲ ಬಾರಿಗೆ ಜಗತ್ತಿನ ವಿದ್ವಾಂಸರ ಮುಂದಿಟ್ಟವನು ಅಮೆರಿಕದ ವಕೀಲ ಲೂಯಿಸ್ ಹೆನ್ರಿ ಮಾರ್ಗನ್. ತನ್ನ ದೇಶದ ಸೆನೆಕಾ ಎಂಬ ಮೂಲನಿವಾಸಿಗಳು ತಂದೆಯ ಸಹೋದರನನ್ನೂ ‘ತಂದೆ’ ಎಂದೇ ಕರೆಯುವುದನ್ನು ಕಂಡು ಬೆರಗಾದ ಅವನು, ಲೋಕದ ನಾನಾ ಭಾಷೆಗಳ ಬಂಧುವಾಚಕಗಳನ್ನು ತರಿಸಿಕೊಂಡು 1871ರಲ್ಲಿ ಬೃಹದ್ ಗ್ರಂಥವೊಂದನ್ನು ಪ್ರಕಟಿಸಿದನು. ಅದರ ಪಟ್ಟಿಗಳಲ್ಲಿ ತಮಿಳು, ತೆಲುಗುಗಳೊಡನೆ ಕನ್ನಡದ ಶಬ್ದಗಳೂ ಇವೆ. ಸಾವಿರಾರು ಮೈಲಿ ದೂರದ ಆ ಜನರ ಲೆಕ್ಕಾಚಾರವೂ ನಮ್ಮ ಲೆಕ್ಕಾಚಾರವೂ ಇಷ್ಟೊಂದು ಹೊಂದಿಕೊಳ್ಳುವುದನ್ನು ಕಂಡು ಅವನು ಕಟ್ಟಿದ ಐತಿಹಾಸಿಕ ಊಹೆಗಳು ಮುಂದೆ ನಿಲ್ಲಲಿಲ್ಲವಾದರೂ ಅವನ ಪಟ್ಟಿಗಳು ನಿಂತವು. ನಮ್ಮವರೇ ಆದ ಎಂ. ಎನ್. ಶ್ರೀನಿವಾಸರು 1942ರಲ್ಲಿ ಮೈಸೂರು ಸೀಮೆಯ ಮದುವೆ ಹಾಗೂ ಕುಟುಂಬವನ್ನು ಕುರಿತು, ಇರಾವತಿ ಕರ್ವೆಯವರು 1953ರಲ್ಲಿ ಭಾರತದ ಬಂಧುತ್ವವ್ಯವಸ್ಥೆಯನ್ನು ಕುರಿತು ಬರೆದ ಗ್ರಂಥಗಳು ಈ ವಿಷಯದಲ್ಲಿ ಆಸಕ್ತಿಯುಳ್ಳವರಿಗೆ ಇಂದಿಗೂ ಉಪಯುಕ್ತವಾಗಿವೆ.

ಶರಣರ ಚರಿತ್ರೆಯಿಂದಲೇ ಒಂದು ಉದಾಹರಣೆಯನ್ನು ಕೊಡುವುದು ಈ ಸಂಚಿಕೆಗೆ ಉಚಿತವೆಂದು ಭಾವಿಸುತ್ತೇನೆ. ಅನುಭವ ಮಂಟಪದ ಷಟ್‌ಸ್ಥಲಜ್ಞಾನಿಯೆಂದು ಪೂಜ್ಯರಾದ ಚೆನ್ನಬಸವಣ್ಣನವರನ್ನು ಇಂಗ್ಲಿಷ್ ಪುಸ್ತಕಗಳು ಬಸವಣ್ಣನವರ ‘ನೆಫ್ಯೂ’ ಎನ್ನುತ್ತವೆ. ಬಸವಣ್ಣನವರನ್ನು ಅವರ ‘ಅಂಕಲ್’ ಎನ್ನುತ್ತವೆ. ಇಷ್ಟನ್ನೇ ಓದಿದ ಪರದೇಶದ ಓದುಗನು ಚೆನ್ನಬಸವಣ್ಣನವರು ಬಸವಣ್ಣನವರ ಅಣ್ಣನ ಮಗನೋ ತಮ್ಮನ ಮಗನೋ ಎಂದುಕೊಂಡರೆ ಅವನ ತಪ್ಪಲ್ಲ. ಅವರು ಅಕ್ಕನಾಗಮ್ಮನವರ ಮಗ, ಬಸವಣ್ಣನವರು ಅವರ ಸೋದರಮಾವ ಎಂದೊಡನೆ ಚಿತ್ರವೇ ಬದಲಾಗುತ್ತದೆ. ಆ ಮಧ್ಯದಲ್ಲಿ ಅಕ್ಕನಾಗಮ್ಮ ಎಂಬ ಹಿರಿಯ ಚೇತನ ಕಾಣಿಸಿಕೊಳ್ಳುತ್ತದೆ. ‘ಅಂಕಲ್’ ಎಂದಾಗ ಮರೆಯಾಗುವವಳು ಆ ಅಕ್ಕ. ಇನ್ನು ಪುರಾಣಸಂಪ್ರದಾಯದ ಪ್ರಕಾರ ಬಿಜ್ಜಳನ ಮಂತ್ರಿ ಬಲದೇವನು ಬಸವಣ್ಣನವರ ಸೋದರಮಾವ. ಅವನ ಮಗಳು ಗಂಗಾಂಬಿಕೆಯನ್ನು ಅವರು ವರಿಸಿದರು. ಇಲ್ಲಿ ‘ಮಾವ’ ಶಬ್ದದ ಎರಡು ಅರ್ಥಗಳೂ ಒಬ್ಬನೇ ವ್ಯಕ್ತಿಯಲ್ಲಿ ಕೂಡಿವೆ. ಇಂಗ್ಲಿಷಿನಲ್ಲಿ ಇದನ್ನು ಹೇಳಲು ಎರಡು ಶಬ್ದಗಳನ್ನು ಬಳಸಿ, ಅವೆರಡೂ ಒಬ್ಬನೇ ಎಂದು ಮೂರನೆಯ ವಾಕ್ಯವನ್ನು ಬರೆಯಬೇಕು.

ಬಂಧುಗಳಲ್ಲದವರನ್ನು ಬಂಧುವಾಚಕಗಳಿಂದ ಕರೆಯುವುದೇ ತಪ್ಪೆಂದು ಯಾರೂ ತಿಳಿಯಬಾರದು. ಅದು ನಮ್ಮ ನಾಡಿನ ಸಂಸ್ಕಾರ. ಬಸವಣ್ಣನವರೇ ಒಂದು ವಚನದಲ್ಲಿ ಮಾದಾರ ಚೆನ್ನಯ್ಯನನ್ನು ತಂದೆಯೆಂದೂ ಕಿನ್ನರಿ ಬ್ರಹ್ಮಯ್ಯನನ್ನು ಅಣ್ಣನೆಂದೂ ಎಣಿಸಿಕೊಂಡು, ಹುಟ್ಟಿನ ಕುಲದ ಬದಲು ಶರಣಕುಲದ ಬಂಧುತ್ವವನ್ನು ಸ್ಥಾಪಿಸಿದರು. ಮಾರಿಕಣಿವೆಯ ಸುತ್ತಿನ ಹಳ್ಳಿಗಳಲ್ಲಿ ಜಾತಿ ಬೇರೆಯಾದರೂ ಒಬ್ಬರನ್ನೊಬ್ಬರು ಅಣ್ಣ, ಮಾವ, ಅತ್ತೆ, ದೊಡ್ಡಪ್ಪ ಎಂದು ಕರೆಯುವ ವಾಡಿಕೆ ಇಂದಿಗೂ ಉಂಟು. ಯಾರು ಯಾರನ್ನು ಏನೆಂದು ಕರೆಯಬೇಕೆಂಬುದಕ್ಕೆ ಎರಡು ಮೂರು ತಲೆಮಾರಿನ ಲೆಕ್ಕವೂ ಉಂಟು. ಅಪರಿಚಿತ ಹಿರಿಯನನ್ನು ‘ಅಂಕಲ್’ ಎನ್ನುವ ಮಕ್ಕಳು ಅನುಸರಿಸುತ್ತಿರುವುದೂ ಈ ಪದ್ಧತಿಯನ್ನೇ. ಇಂಗ್ಲೆಂಡಿನ ಮಗು ಅಂಗಡಿಯವನನ್ನು ಹಾಗೆ ಕರೆಯುವುದಿಲ್ಲ. ಹೆಚ್ಚೆಂದರೆ ತಂದೆತಾಯಿಯರ ಆಪ್ತ ಗೆಳೆಯನಿಗೆ ಆ ಗೌರವ ಸಲ್ಲುತ್ತದೆ. ಆದ್ದರಿಂದ ಶಬ್ದ ಮಾತ್ರ ಇಂಗ್ಲಿಷಿನದು, ರೂಢಿ ನಮ್ಮದು. ಇಂಗ್ಲಿಷ್ ಆಡುವ ನಾಡುಗಳಲ್ಲಿ ಈ ಶಬ್ದಕ್ಕೆ ಕಹಿಯಾದ ಒಂದು ಚರಿತ್ರೆಯೂ ಇದೆ. ಅಮೆರಿಕದ ದಕ್ಷಿಣ ಪ್ರಾಂತಗಳಲ್ಲಿ ಬಿಳಿಯರು ಕರಿಯ ಜನಾಂಗದ ವೃದ್ಧರನ್ನು ‘ಅಂಕಲ್’ ಎನ್ನುತ್ತಿದ್ದುದು ಗೌರವದಿಂದಲ್ಲ, ‘ಮಿಸ್ಟರ್’ ಎಂಬ ಗೌರವವನ್ನು ಕೊಡಲೊಲ್ಲದೆ. ಹ್ಯಾರಿಯೆಟ್ ಬೀಚರ್ ಸ್ಟೋ ಅವರ 1852ರ ಪ್ರಸಿದ್ಧ ಕಾದಂಬರಿಯ ‘ಅಂಕಲ್ ಟಾಮ್’ ಎಂಬ ಹೆಸರು ಆ ವಾಡಿಕೆಯಿಂದಲೇ ಬಂದುದು.

ಹಾಗಾದರೆ ಈ ಶಬ್ದದಿಂದ ನಮಗೆ ಆಗುವ ನಷ್ಟವೇನು? ಅಂಗಡಿಯವನನ್ನು ಹಾಗೆ ಕರೆದರೆ ನಷ್ಟವೇನೂ ಇಲ್ಲ. ಮನೆಯೊಳಗಣ ಬಂಧುವನ್ನು ಹಾಗೆ ಕರೆದಾಗ ಅವನ ಕರ್ತವ್ಯವೂ ಮಗುವಿನ ಹಕ್ಕೂ ಮಸುಕಾಗುತ್ತವೆ. ಮಗುವಿನ ಜವಳ ತೆಗೆಯುವಾಗ ಮೊದಲ ಕೂದಲಿಗೆ ಕತ್ತರಿ ತಾಗಿಸುವವನು, ಕಿವಿ ಚುಚ್ಚುವಾಗ ತೊಡೆಯ ಮೇಲೆ ಕೂರಿಸಿಕೊಳ್ಳುವವನು, ಮದುವೆಯಲ್ಲಿ ಹೆಣ್ಣನ್ನು ಹಸೆಗೆ ಕರೆತರುವವನು ಸೋದರಮಾವ. ಚಿಕ್ಕಪ್ಪನಿಗೆ ಆ ಸ್ಥಾನವಿಲ್ಲ. ಅವನ ಹೊಣೆಗಳು ಬೇರೆ, ಹೊಲಮನೆಯ ಪಾಲಿನಿಂದ ಹಿಡಿದು ಅಣ್ಣನ ಮಕ್ಕಳನ್ನು ತನ್ನ ಮಕ್ಕಳೆಂದೇ ನೋಡಿಕೊಳ್ಳುವವರೆಗೆ. ಬಾಬಾಬುಡನ್ ಗಿರಿಗಳಿಂದ ಇಳಿದುಬರುವ ವೇದಾ ಮತ್ತು ಅವತಿ ಎಂಬ ಹೊಳೆಗಳೆರಡೂ ಕೂಡಿ ವೇದಾವತಿಯಾಗಿವೆ. ಆ ವೇದಾವತಿಗೆ 1898ರಲ್ಲಿ ಕಟ್ಟೆ ಹಾಕಲು ತೊಡಗಿ 1907ರಲ್ಲಿ ಮುಗಿಸಿದ ವಾಣಿವಿಲಾಸ ಸಾಗರವೇ ನಮ್ಮ ಮಾರಿಕಣಿವೆಯ ಜಲಾಶಯ. 1933ರ ತರುವಾಯ ಅದು ಮತ್ತೆ ತುಂಬಿ ಕೋಡಿ ಬಿದ್ದುದು 2022ರಲ್ಲಿ. ಹೊಳೆಗಳೆರಡೂ ಒಂದಾದವು, ಆದರೂ ಕೂಡಿದ ನದಿಯ ಹೆಸರಿನಲ್ಲಿ ಎರಡರ ಹೆಸರೂ ಕೇಳಿಸುತ್ತದೆ. ‘ಅಂಕಲ್’ ಎಂಬ ಸಂಗಮದಲ್ಲಿ ಯಾವ ಹೊಳೆಯ ಹೆಸರೂ ಕೇಳಿಸುವುದಿಲ್ಲ.

ನ್ಯಾಯಶಾಸ್ತ್ರದಲ್ಲಿಯೂ ಈ ತೊಡಕು ಉಂಟು. 1955ರ ಹಿಂದೂ ವಿವಾಹ ಅಧಿನಿಯಮವು ತನ್ನ ವ್ಯಾಪ್ತಿಯನ್ನು ಹೇಳುವಾಗ ವೀರಶೈವ, ಲಿಂಗಾಯತ ಎಂಬ ಹೆಸರುಗಳನ್ನು ಸ್ಪಷ್ಟವಾಗಿ ನಮೂದಿಸಿದೆ. ಅದರ ಇಂಗ್ಲಿಷ್ ಪಾಠದಲ್ಲಿ ನಿಷಿದ್ಧ ಸಂಬಂಧಗಳ ಪೈಕಿ ‘ಅಂಕಲ್’ ಮತ್ತು ‘ನೀಸ್’ ಇವರ ವಿವಾಹವೂ ಸೇರಿದೆ. ಇಬ್ಬರಿಗೂ ಅನ್ವಯಿಸುವ ರೂಢಿಯು ಅವಕಾಶ ಕೊಟ್ಟರೆ ಮಾತ್ರ ಅದಕ್ಕೆ ವಿನಾಯಿತಿ. ತಂದೆಯ ತಮ್ಮನಿಗೂ ತಾಯಿಯ ತಮ್ಮನಿಗೂ ಆ ವಾಕ್ಯದಲ್ಲಿ ಭೇದವಿಲ್ಲ. ಕನ್ನಡಿಗನ ಮನಸ್ಸಿಗೆ ಮೊದಲನೆಯದು ಕಲ್ಪನೆಗೂ ನಿಲುಕದ ಮಾತು, ಎರಡನೆಯದು ಅಕ್ಕನ ಮಗಳನ್ನು ತರುವ ಹಳೆಯ ರೂಢಿ. ಹೀಗೆ ಶಬ್ದವು ಅಳಿಸಿಹಾಕಿದ ಭೇದವನ್ನು ರೂಢಿಯ ವಿನಾಯಿತಿಯ ಮೂಲಕ ಮತ್ತೆ ಒಳಗೆ ತರಬೇಕಾಯಿತು. ಹತ್ತಿರದ ರಕ್ತಸಂಬಂಧದ ಮದುವೆಗಳಲ್ಲಿ ಕೆಲವು ಆನುವಂಶಿಕ ರೋಗಗಳು ಮಕ್ಕಳಲ್ಲಿ ಪ್ರಕಟವಾಗುವ ಸಂಭವ ಹೆಚ್ಚೆಂದು ವೈದ್ಯಶಾಸ್ತ್ರವು ಖಚಿತಪಡಿಸಿರುವುದರಿಂದ ಆ ರೂಢಿಯನ್ನು ಇಲ್ಲಿ ಸಮರ್ಥಿಸುತ್ತಿಲ್ಲ. ಸೋದರಮಾವನನ್ನು ಉಳಿಸಿಕೊಳ್ಳಲು ಅವನಿಗೆ ಹೆಣ್ಣು ಕೊಡಬೇಕಾಗಿಲ್ಲ.

ಆದರೆ ಮರುವರ್ಷವೇ, ಅಂದರೆ 1956ರಲ್ಲಿ ಬಂದ ಹಿಂದೂ ಉತ್ತರಾಧಿಕಾರ ಅಧಿನಿಯಮದಲ್ಲಿ, ಇಂಗ್ಲಿಷಿನಲ್ಲಿ ಬರೆದವರೇ ‘ಅಂಕಲ್’ ಶಬ್ದವನ್ನು ದೂರವಿಟ್ಟರು. ಉಯಿಲು ಬರೆಯದೆ ತೀರಿಕೊಂಡ ಪುರುಷನ ಆಸ್ತಿಗೆ ಹಕ್ಕುದಾರರಾಗುವ ಎರಡನೆಯ ದರ್ಜೆಯ ವಾರಸುದಾರರ ಪಟ್ಟಿಯಲ್ಲಿ ತಂದೆಯ ಸಹೋದರ, ತಂದೆಯ ಸಹೋದರಿ ಏಳನೆಯ ನಮೂದಿನಲ್ಲಿಯೂ, ತಾಯಿಯ ಸಹೋದರ, ತಾಯಿಯ ಸಹೋದರಿ ಒಂಬತ್ತನೆಯ ನಮೂದಿನಲ್ಲಿಯೂ ಬರುತ್ತಾರೆ. ಮೇಲಿನ ನಮೂದಿನವರು ಇರುವಾಗ ಕೆಳಗಿನವರಿಗೆ ಏನೂ ಸಿಗುವುದಿಲ್ಲ. ಆಸ್ತಿಯ ಪ್ರಶ್ನೆ ಬಂದಾಗ ‘ಅಂಕಲ್’ ಎಂದು ಬರೆದರೆ ನ್ಯಾಯ ತೀರದು ಎಂಬುದನ್ನು ಶಾಸನಕರ್ತರು ಬಲ್ಲವರಾಗಿದ್ದರು.

ಆಸ್ತಿಗಿರುವ ಈ ಎಚ್ಚರ ಮಗುವಿಗೂ ಸಲ್ಲಬೇಕಾದುದು ಪ್ರಸಾದನಿಲಯಗಳಲ್ಲಿ. ಶ್ರೀಮಠಗಳ ಆಶ್ರಯದ ವಿದ್ಯಾರ್ಥಿನಿಲಯಗಳಿಗೆ ತಂದೆಯನ್ನೋ ತಾಯಿಯನ್ನೋ ಕಳೆದುಕೊಂಡ ಮಕ್ಕಳು, ದುಡಿಮೆಗಾಗಿ ತಂದೆತಾಯಿ ದೂರ ಹೋದ ಮಕ್ಕಳು ಬರುವುದು ಉಂಟು. ಅಂಥ ಮಗುವನ್ನು ಕೈಹಿಡಿದು ತಂದು ಬಿಡುವವನು ಅನೇಕ ವೇಳೆ ತಾಯಿಯ ತಮ್ಮ, ಇಲ್ಲವೆ ತಂದೆಯ ಅಣ್ಣ. ಅರ್ಜಿಯಲ್ಲಿ ‘ಪೋಷಕರ ಸಂಬಂಧ’ ಎಂಬಲ್ಲಿ ‘ಅಂಕಲ್’ ಎಂದು ಬರೆದಿದ್ದರೆ, ಆರು ತಿಂಗಳ ಬಳಿಕ ಹಬ್ಬಕ್ಕೆ ಮಗುವನ್ನು ಕರೆದೊಯ್ಯಲು ಬಂದು “ನಾನು ಹುಡುಗನ ಅಂಕಲ್” ಎನ್ನುವವನು ಅದೇ ಬಂಧುವೇ, ಬೇರೆಯವನೇ, ಅಥವಾ ಹಾದಿಯ ಪರಿಚಯದವನೇ ಎಂಬುದು ನಿಲಯಪಾಲಕರಿಗೆ ತಿಳಿಯುವುದು ಹೇಗೆ? ಮಗುವನ್ನು ಕೇಳಿದರೆ ಅದೂ “ಹೌದು ಸಾರ್, ಅಂಕಲ್” ಎನ್ನುತ್ತದೆ; ಅದಕ್ಕೆ ಎಲ್ಲರೂ ಅಂಕಲ್ಲೇ. ಕಾಯಿದೆಯಂತೆ ತಂದೆತಾಯಿಯರ ಹೊರತು ಇವರಾರೂ ಸಹಜ ಪಾಲಕರಲ್ಲವಾದ್ದರಿಂದ ಈ ಎಚ್ಚರ ಇನ್ನಷ್ಟು ಅಗತ್ಯ. ಅರ್ಜಿಯಲ್ಲಿ ‘ಸೋದರಮಾವ (ತಾಯಿಯ ತಮ್ಮ)’ ಎಂದೋ ‘ದೊಡ್ಡಪ್ಪ (ತಂದೆಯ ಅಣ್ಣ)’ ಎಂದೋ ಬರೆಯಿಸಿ, ಪಕ್ಕದಲ್ಲಿ ಅವರ ಹೆಸರು, ಊರು, ಸಹಿ ಹಾಗೂ ಭಾವಚಿತ್ರ ಇರಿಸಿಕೊಂಡರೆ, ಬಂದವನನ್ನು ಕೇಳಬೇಕಾದ ಪ್ರಶ್ನೆ ಸುಲಭವಾಗುತ್ತದೆ: ಹುಡುಗನ ತಾಯಿಗೆ ನೀವೇನಾಗಬೇಕು?